ಹಸಿ ಮಟ್ಟೆಯ ಮಂಜು

ಮೇಷ್ಟ್ರ ಬಿಳಿ ಷರಟಿನ ಎದೆಯ ಮೇಲೆ ಯಾವಾಗಲೂ ಏಳೆಂಟು ಸುಟ್ಟ ತೂತುಗಳಿರುತ್ತಿದ್ದವು. ಸಾಸಿವೆ ಕಾಳಿನಷ್ಟು ಸಣ್ಣವು, ಅಂಚು ಕಂದು. ಮೊದಲ ಸಲ ನೋಡಿದವರು ಬೀಡಿ ಸೇದುವ ಮನುಷ್ಯ ಎಂದುಕೊಳ್ಳುತ್ತಿದ್ದರು. ಅವರು ಬೀಡಿ ಮುಟ್ಟಿದವರಲ್ಲ, ಕಾಫಿಯನ್ನೂ ಅರ್ಧ ಲೋಟಕ್ಕಿಂತ ಹೆಚ್ಚು ಕುಡಿದವರಲ್ಲ. ಆ ತೂತುಗಳೆಲ್ಲ ಮಂಜು ತಯಾರಿಸುವಾಗ ಆದವು. ಕುಣಿಗಲ್ ಕೆರೆ ಏರಿಯ ಮೇಲೋ, ಚೇಳೂರಿನ ಕಡೆಯ ಯಾವುದೋ ತೋಟದ ಬದುವಿನಲ್ಲೋ, ತೆಂಗಿನಕಾಯಿ ಸುಲಿದ ಹಸಿ ಮಟ್ಟೆಗಳನ್ನು ಗುಡ್ಡೆ ಹಾಕಿ, ಬೆಂಕಿ ಕೊಟ್ಟು, ಕುಕ್ಕರುಗಾಲಲ್ಲಿ ಕೂತು ಊದಿ ಊದಿ ಹೊಗೆ ಎಬ್ಬಿಸುತ್ತಿದ್ದರು. ಆ ಹೊಗೆಯಲ್ಲಿ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು. ಅದನ್ನು ಫೋಟೋ ತೆಗೆದು ಕೆಳಗೆ 'ಮಾಗಿಯ ಮುಂಜಾವು' ಎಂದು ಬರೆಯುತ್ತಿದ್ದರು. ತೆಗೆದದ್ದು ಯುಗಾದಿ ಕಳೆದ ಮೇಲಾದರೂ ಅವರಿಗೆ ಅದು ಮಾಗಿಯೇ.

ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು ಅವರು. ತುಮಕೂರಿನಲ್ಲಿ ನಮ್ಮಂಥ ಹವ್ಯಾಸಿಗಳದ್ದೊಂದು ಸಣ್ಣ ಗುಂಪಿದೆ. ಹೊಸದಾಗಿ ಕ್ಯಾಮೆರಾ ಕೊಂಡವರನ್ನು ಭಾನುವಾರ ಬೆಳಗ್ಗೆ ಲೊಕೇಷನ್‌ಗೆ ಕರೆದುಕೊಂಡು ಹೋಗಿ ಕಲಿಸುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಿದ್ದರು. ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನಕ್ಕೆ ಎಂಟು ಗಂಟೆ ಟ್ಯೂಬ್‌ಲೈಟಿನ ಕೆಳಗೆ ಕೂತು ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ಕುಂದು ಹುಡುಕುವುದು ನನ್ನ ಉದ್ಯೋಗ. ಹನ್ನೊಂದು ವರ್ಷ ಅದನ್ನೇ ಮಾಡಿದವಳಿಗೆ ಮನುಷ್ಯರಲ್ಲೂ ಮೊದಲು ಕಾಣುವುದು ಕುಂದೇ. ಮೇಷ್ಟ್ರಲ್ಲಿ ಹುಡುಕುವ ಶ್ರಮವೂ ಇರಲಿಲ್ಲ.

ಗುಂಪಿನ ಉಳಿದವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನನ್ನನ್ನು ಬಿಟ್ಟರೆ ಎಲ್ಲ ಗಂಡಸರು. ಲಾರಿ ಸೈಲೆನ್ಸರಿನಷ್ಟು ಉದ್ದದ ಲೆನ್ಸು, ಮಿಲಿಟರಿ ಬಣ್ಣದ ಜಾಕೆಟ್ಟು, ಕೈಯಲ್ಲಿ ಇಡ್ಲಿ ಪಾರ್ಸಲ್ಲು. ಹಕ್ಕಿ ಹಾರಿಹೋದ ಮೇಲೆ ಯಾವ ಸೆಟ್ಟಿಂಗ್ ಇಡಬೇಕಿತ್ತು ಎಂದು ಅರ್ಧ ಗಂಟೆ ಚರ್ಚೆ. ಮೇಷ್ಟ್ರು ಹೊಗೆ ಹಾಕಿದರೆ ಇವರೆಲ್ಲ ಸಾಲಾಗಿ ಮಂಡಿಯೂರಿ ಒಂದೇ ಕೋನದಿಂದ ಒಂದೇ ಫೋಟೋ ಹೊಡೆಯುತ್ತಿದ್ದರು. ಸಂಜೆ ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಸೂಪರ್ ಸಾರ್ ಎಂದು ಕಳಿಸಿಕೊಳ್ಳುತ್ತಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು, ಎಷ್ಟೋ ಸಲ ತಡೆಯುತ್ತಲೂ ಇರಲಿಲ್ಲ.

ಮೇಷ್ಟ್ರ ಹೆಗಲಲ್ಲಿ ಒಂದು ಖಾದಿ ಜೋಳಿಗೆ ಇರುತ್ತಿತ್ತು. ಕ್ಯಾಮೆರಾಕ್ಕೆ ಅದರಲ್ಲಿ ಸಿಕ್ಕುತ್ತಿದ್ದದ್ದು ಒಂದು ಮೂಲೆ ಮಾತ್ರ. ಉಳಿದದ್ದೆಲ್ಲ ನಾಟಕದ ಸಾಮಾನು: ಒಂದು ಕೆಂಪು ಸೀರೆ, ಒಂದು ರುಮಾಲು, ಎಲೆಗಳ ಮೇಲೆ ಇಬ್ಬನಿ ಕೂರಿಸಲು ಇಸ್ತ್ರಿ ಅಂಗಡಿಯವರಿಟ್ಟುಕೊಳ್ಳುವಂಥ ನೀರಿನ ಬಾಟಲಿ. ಜೀನ್ಸು ಹಾಕಿಕೊಂಡು ಮೊಬೈಲು ನೋಡುತ್ತಾ ಕುರಿ ಕಾಯುತ್ತಿದ್ದವನಿಗೆ ರುಮಾಲು ಸುತ್ತಿಸಿ, ಕುರಿಗಳನ್ನು ಧೂಳಿನಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆಸುತ್ತಿದ್ದರು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಬ್ಬ ಮನುಷ್ಯ. ಮೂವತ್ತು ವರ್ಷ ಏಳನೇ ಕ್ಲಾಸಿನ ಮಕ್ಕಳ ಕೈಲಿ ಬರೆಸಿದ ಸೀನರಿಯನ್ನೇ ಕ್ಯಾಮೆರಾದಲ್ಲೂ ಬರೆಸುತ್ತಿದ್ದರು ಎನ್ನುವುದು ನನ್ನ ತೀರ್ಮಾನವಾಗಿತ್ತು. ಅದನ್ನು ಅವರಿಗೆ ಕೇಳಿಸುವಂತೆಯೇ ಹೇಳಿದ್ದೇನೆ. ಅವರು ಹೌದಲ್ವಾ ಎಂದು ನಕ್ಕು ಮಟ್ಟೆ ಊದುವುದನ್ನು ಮುಂದುವರಿಸಿದರು.

ಚಿತ್ರ ಸುಳ್ಳಾದರೂ ಅವರ ಹೊತ್ತುಗೊತ್ತು ಮಾತ್ರ ಸುಳ್ಳಾಗುತ್ತಿರಲಿಲ್ಲ. ಸಂಕ್ರಾಂತಿಯ ಸುಮಾರಿಗೆ ಸೂರ್ಯ ಯಾವ ತೋಟದ ಮೂಲೆಯಲ್ಲಿ ಹುಟ್ಟುತ್ತಾನೆ, ಯುಗಾದಿಯ ಹೊತ್ತಿಗೆ ಅಲ್ಲಿಂದ ಎಷ್ಟು ಎಡಕ್ಕೆ ಸರಿದಿರುತ್ತಾನೆ, ಕುಣಿಗಲ್ ದಾರಿಯ ಮುತ್ತುಗ ಯಾವ ವಾರ ಹೂ ಬಿಡುತ್ತದೆ, ಎಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಮಳೆ ಬಂದು ಹೋದ ಮಾರನೆಯ ಬೆಳಗ್ಗೆ ಮಲಗಿದವನು ಕ್ಯಾಮೆರಾ ಮಾರಿಬಿಡುವುದು ವಾಸಿ ಎನ್ನುತ್ತಿದ್ದರು. ಧೂಳೆಲ್ಲ ತೊಳೆದುಹೋಗಿ ದೂರದ ಬೆಟ್ಟವೂ ಹತ್ತಿರ ಕಾಣುವ ದಿನ ಅದೊಂದೇ. ಹತ್ತು ಗಂಟೆಯ ಮೇಲೆ ಕ್ಯಾಮೆರಾ ಮುಟ್ಟಲು ಬಿಡುತ್ತಿರಲಿಲ್ಲ. ಯಾವ ಲೊಕೇಷನ್‌ಗೆ ಹೋದರೂ ಮೊದಲು ಒಂದೇ ಮಾತು: "ಕ್ಯಾಮ್ರಾ ಕೆಳಗಿಡ್ರಪ್ಪ. ಹತ್ತು ನಿಮಿಷ ಬರೀ ಕಣ್ಣಲ್ಲಿ ನೋಡಿ." ಆ ಹತ್ತು ನಿಮಿಷವನ್ನು ನಾನು ಅವರ ಷರಟಿನ ತೂತು ಎಣಿಸುವುದರಲ್ಲಿ ಕಳೆಯುತ್ತಿದ್ದೆ.

ಹೊಸಬರಿಗೆಲ್ಲ ಅವರದೊಂದು ಪಾಠವಿತ್ತು. ದಿನಾ ಓಡಾಡುವ ದಾರಿಯಲ್ಲಿ ಯಾವುದಾದರೂ ಒಂದು ಮರ ಹಿಡಿದುಕೊಂಡು, ಒಂದು ವರ್ಷ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಅದನ್ನೇ ತೆಗೆಯಬೇಕು. ಸೈಲೆನ್ಸರ್ ಲೆನ್ಸಿನವರೆಲ್ಲ ಎರಡು ತಿಂಗಳಿಗೆ ಬಿಟ್ಟರು. ನಾನು ಗುಬ್ಬಿ ರಸ್ತೆಯ ಒಂದು ಹೊಂಗೆ ಮರವನ್ನು ವರ್ಷ ಪೂರ್ತಿ ತೆಗೆದೆ. ಚೈತ್ರದಲ್ಲಿ ಎಣ್ಣೆ ಸವರಿದಂಥ ಚಿಗುರು, ಬೇಸಗೆಯಲ್ಲಿ ನೆಲದ ತುಂಬ ಅಕ್ಕಿ ಚೆಲ್ಲಿದ ಹಾಗೆ ಹೂ, ಆಷಾಢದ ಗಾಳಿಗೆ ಒಂದೇ ಕಡೆ ವಾಲಿದ ಕೊಂಬೆ. ಎಂಟನೆಯ ತಿಂಗಳಿಗೆ ಎಲ್ಲಿ ನಿಲ್ಲಬೇಕು ಎನ್ನುವುದು ಕಾಲಿಗೇ ಗೊತ್ತಾಗಿಹೋಗಿತ್ತು. ನನಗೆ ಫೋಟೋ ತೆಗೆಯಲು ಬಂದದ್ದು ಆ ಮರದ ಬುಡದಲ್ಲಿ. ಈ ಮಾತನ್ನು ಮೇಷ್ಟ್ರಿಗೆ ನಾನು ಒಂದು ಸಲವೂ ಹೇಳಲಿಲ್ಲ.

ಅವರ ಇನ್ನೊಂದು ಚಾಳಿ ಫೋಟೋ ಹಂಚುವುದು. ಯಾರ ಮುಖ ತೆಗೆದರೂ ಹದಿನೈದು ದಿನದೊಳಗೆ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಬಸ್ಸು ಹತ್ತಿ ಆ ಊರಿಗೆ ಹೋಗಿ ಅವರ ಕೈಗೇ ಕೊಟ್ಟು ಬರುತ್ತಿದ್ದರು. ಅದಕ್ಕೆ ಮುಂಚೆ ಆ ಫೋಟೋವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಗುಂಪಿನ ವಾರ್ಷಿಕ ಪ್ರದರ್ಶನಕ್ಕೂ ಅದೇ ಕಟ್ಟಳೆ ಮಾಡಿಟ್ಟಿದ್ದರು. ಮುಂದಿನ ವರ್ಷವೂ ಊರೊಳಗೆ ಬಿಟ್ಟುಕೊಳ್ಳಲಿ ಎಂದು ಮೇಷ್ಟ್ರು ಕೊಡುವ ಲಂಚ ಇದು ಎಂದು ನಾನು ಆಡಿಕೊಳ್ಳುತ್ತಿದ್ದೆ. ಚೇಳೂರು ಸೀಮೆಯ ಗೋಡೆಗಳ ಮೇಲೆಲ್ಲ ಕೆಂಪು ಸೀರೆಯ ಹೆಂಗಸರು ನೇತಾಡುತ್ತಿದ್ದರು. ಎಲ್ಲರ ಸೀರೆಯೂ ಒಂದೇ.

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದ ಭಾನುವಾರ, ಚೇಳೂರು ದಾರಿಯ ಒಂದು ಹಳ್ಳಿಗೆ ಹೋಗಿದ್ದೆವು. ರಾಗಿ ಬಡಿಯುವ ಕಾಲ. ಈಗ ಕಣ ಮಾಡುವವರು ಕಡಿಮೆ. ತೆನೆಯನ್ನು ಟಾರು ರೋಡಿನ ಮೇಲೆ ಹರಡುತ್ತಾರೆ, ಬಸ್ಸು ಲಾರಿಗಳು ತುಳಿದುಕೊಂಡು ಹೋಗುತ್ತವೆ. ಊರ ಮುಂದೆ ಒಬ್ಬ ಹೆಂಗಸು ನೈಟಿಯ ಮೇಲೆ ಗಂಡನ ತುಂಬುತೋಳಿನ ಷರಟು ತೊಟ್ಟು, ತಲೆಗೆ ಟವೆಲು ಸುತ್ತಿ, ರೋಡಿನ ಪಕ್ಕದಲ್ಲಿ ರಾಗಿ ತೂರುತ್ತಿದ್ದರು. ಮೇಷ್ಟ್ರು ಹೋಗಿ ಮಾತಾಡಿಸಿ, ಗಂಡ ಗೂಡ್ಸ್ ಆಟೋ ಓಡಿಸುವುದು, ಮಗಳು ತುಮಕೂರಿನಲ್ಲಿ ಕಾಲೇಜಿಗೆ ಹೋಗುವುದು ಎಲ್ಲ ವಿಚಾರಿಸಿಕೊಂಡು, ಕೊನೆಗೆ ಜೋಳಿಗೆಯಿಂದ ಸೀರೆ ತೆಗೆದರು. ಆಕೆ ನಾಚಿಕೊಂಡು ಒಳಗೆ ಹೋಗಿ ಉಟ್ಟು ಬಂದರು. ರೋಡು ಕಾಣದಂತೆ ಅವರನ್ನು ಹಿತ್ತಿಲಲ್ಲಿ ನಿಲ್ಲಿಸಿ, ಮಟ್ಟೆ ಹಚ್ಚಿ, ಮೊರ ಕೊಟ್ಟು, ಐವತ್ತು ವರ್ಷದ ಹಿಂದಿನ ಹಳ್ಳಿಯೊಂದನ್ನು ಮೇಷ್ಟ್ರು ಅರ್ಧ ಗಂಟೆಯಲ್ಲಿ ಕಟ್ಟಿದರು. ನಾನು ಕ್ಯಾಮೆರಾ ಹೊರಗೇ ತೆಗೆಯಲಿಲ್ಲ.

ಮುಂದಿನ ಭಾನುವಾರ ನಾನೊಬ್ಬಳೇ ಬಸ್ಸು ಹಿಡಿದು ಆ ಊರಿಗೆ ಹೋದೆ. ಒಂದಾದರೂ ಸುಳ್ಳಿಲ್ಲದ ಫೋಟೋ ತೆಗೆಯಬೇಕು, ಅದನ್ನು ಮೇಷ್ಟ್ರ ಕಣ್ಣಿನ ಮುಂದೆ ಹಿಡಿಯಬೇಕು ಎನ್ನುವ ಹಟ. ಆ ಹಟದಲ್ಲೂ ನಾನು ಮಾಡಿದ್ದೆಲ್ಲ ಅವರು ಹೇಳಿಕೊಟ್ಟದ್ದೇ. ಹತ್ತು ನಿಮಿಷ ಬರಿಗಣ್ಣಿನಲ್ಲಿ ನೋಡಿದೆ. ಸೂರ್ಯ ರೋಡಿನ ಬಲತುದಿಯಲ್ಲಿ ಹುಟ್ಟುವುದನ್ನು ಲೆಕ್ಕ ಹಾಕಿ ಅದಕ್ಕೆ ಎದುರಾಗಿ ನಿಂತೆ. ಆಕೆ ನನ್ನ ಗುರುತು ಹಿಡಿದು, ಮೇಷ್ಟ್ರು ಬರಲಿಲ್ವಾ, ಇವತ್ತು ಸೀರೆ ಇಲ್ವಾ ಎಂದು ಕೇಳಿದರು. ಇಲ್ಲ, ನಿಮ್ಮ ಪಾಡಿಗೆ ನೀವು ಕೆಲಸ ಮಾಡಿಕೊಳ್ಳಿ ಎಂದೆ. ನೈಟಿಯ ಅಂಚನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡಿದ್ದವರು ನಗುತ್ತಲೇ ಅಂದರು: "ಈ ಅವತಾರ್‌ದಲ್ಲೆಲ್ಲ ಹಿಡೀಬೇಡ ಕಣವ್ವ, ಚೆಂದಾಗ್ ಕಾಣಲ್ಲ."

ನಾನೂ ನಕ್ಕೆ. ಹೆಂಗಸರು ಎಲ್ಲದಕ್ಕೂ ಹಾಗೆ ಹೇಳುತ್ತಾರೆ ಎಂದುಕೊಂಡೆ. ಆ ಹೊತ್ತಿಗೆ ಬಸ್ಸು ಬಂತು. ಚಕ್ರಗಳು ತೆನೆಯ ಮೇಲೆ ಹಾದವು, ಹೊಟ್ಟು ಎದ್ದು ರೋಡಿನ ತುಂಬ ಚಿನ್ನದ ಬಣ್ಣಕ್ಕೆ ತಿರುಗಿತು. ಆಕೆ ಮೊರ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿ ಬಸ್ಸಿನ ಕಡೆ ನೋಡಿದರು, ತಲೆಗೆ ಸುತ್ತಿದ್ದ ಟವೆಲು ಜಾರಿತು. ಒಂದೇ ಒಂದು ಫ್ರೇಮು. ಮನೆಗೆ ಬಂದು ಕಂಪ್ಯೂಟರಿನಲ್ಲಿ ರಾತ್ರಿಯವರೆಗೂ ಅದನ್ನೇ ನೋಡುತ್ತಾ ಕೂತೆ. ಅಷ್ಟು ಒಳ್ಳೆಯ ಫೋಟೋವನ್ನು ನಾನು ಇವತ್ತಿಗೂ ಮತ್ತೆ ತೆಗೆದಿಲ್ಲ.

ಪ್ರದರ್ಶನದ ಹಿಂದಿನ ದಿನ ತುಮಕೂರಿನ ಹಾಲ್‌ನಲ್ಲಿ ಮೇಷ್ಟ್ರು ಒಬ್ಬರೇ ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದರು. ನನ್ನ ಪ್ರಿಂಟನ್ನು ಕೊಟ್ಟೆ. ಇಳಿದು ಬಂದು ಕಿಟಕಿಯ ಹತ್ತಿರ ಹಿಡಿದುಕೊಂಡು ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಮ್ಮ. ಇಂಥದ್ದು ತೆಗಿಯೋಕೆ ನನ್ ಕೈಲಿ ಆಗಲ್ಲ," ಎಂದರು. ಆಮೇಲೆ, "ಆಯಮ್ಮಂಗೆ ತೋರಿಸ್ದಾ?"

ಇಲ್ಲ ಎಂದೆ.

"ಮೊದ್ಲು ಫೋಟೋಕ್ಕೆ ನಿಂತೋರು ನೋಡ್ಬೇಕು, ಆಮೇಲೆ ಊರು ನೋಡ್ಬೇಕು. ನಾಳೆ ಬೆಳಗ್ಗೆ ಹೋಗಿ ತೋರ್ಸ್ಕೊಂಡ್ ಬಾ. ಬಾಗ್ಲು ಎದ್ರುಗೇ ಹಾಕ್ತೀನಿ. ಬೇಡ ಅಂದ್ರೆ ಬೇಡ."

ಗುಂಪು ಸೇರಿದಂದಿನಿಂದ ನಾಲಗೆಯ ಮೇಲಿಟ್ಟುಕೊಂಡಿದ್ದ ಮಾತು ಆಗ ಹೊರಬಿತ್ತು. ಸೀರೆ ಉಡಿಸಿ, ಹೊಗೆ ಹಾಕಿ ಸುಳ್ಳು ತೆಗೆಯೋರು ನನಗೆ ನಿಜದ ಪಾಠ ಹೇಳಬೇಡಿ ಎಂದುಬಿಟ್ಟೆ. ಹೊಟ್ಟೆಕಿಚ್ಚು ಎನ್ನುವ ಪದವನ್ನೂ ಬಳಸಿದೆ ಅಂತ ನೆನಪು. ಅವರು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟರು. ಸ್ಟೂಲು ಹತ್ತಿ ಮುಂದಿನ ಮೊಳೆ ಹೊಡೆದರು.

ಆ ರಾತ್ರಿಯೇ ಅದನ್ನು ಒಂದು ಆನ್‌ಲೈನ್ ಸ್ಪರ್ಧೆಗೆ ಕಳಿಸಿದೆ, ಊರಿನ ಹೆಸರು ಸಮೇತ. ತಿಂಗಳೊಳಗೆ ಮೊದಲ ಬಹುಮಾನ ಬಂತು. ನನ್ನ ಆನ್‌ಲೈನ್ ಪುಟದಲ್ಲೂ ಹಾಕಿಕೊಂಡೆ. ನೂರಾರು ಜನ ಹಂಚಿಕೊಂಡರು. ಆಮೇಲೆ ಒಂದು ಮಧ್ಯಾಹ್ನ ನಮ್ಮ ಕ್ಯಾಂಟೀನಿನಲ್ಲಿ ಪಕ್ಕದವಳು ಮೊಬೈಲು ಹಿಡಿದುಕೊಂಡು ಊಟ ಬಿಟ್ಟು ನಗುತ್ತಿದ್ದಳು. ಇಣುಕಿದೆ. ನನ್ನದೇ ಫೋಟೋ. ಬಸ್ಸು, ಬೆಳಕು, ಹೊಟ್ಟು ಎಲ್ಲ ಕತ್ತರಿಸಿ, ಆ ಹೆಂಗಸಿನ ಮೊಣಕಾಲು, ನೈಟಿ, ಷರಟು, ಕಿರಿದಾದ ಕಣ್ಣು ಮಾತ್ರ ಉಳಿಸಿ, ಮೇಲೆ 'ಹಳ್ಳಿ ಫ್ಯಾಷನ್ ಷೋ' ಎಂದು ಬರೆದಿದ್ದರು. ನನಗೆ ಮೊದಲು ಬಂದ ಸಿಟ್ಟು ಯಾಕೆ ಗೊತ್ತೆ? ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದಾರಲ್ಲ ಎಂದು. ಆ ಹೆಂಗಸಿನ ನೆನಪು ಬಂದದ್ದು ಕೈ ತೊಳೆದುಕೊಳ್ಳುವಾಗ.

ಮೇಷ್ಟ್ರನ್ನು ಹೀಗಳೆದಷ್ಟು ಸಲೀಸಾಗಿ ನನ್ನನ್ನು ನಾನು ಹೀಗಳೆದುಕೊಳ್ಳಲು ಬರಲಿಲ್ಲ. ಫೋಟೋವನ್ನು ನನ್ನ ಪುಟದಿಂದ ಅಳಿಸಿದೆ, ಯಾರಿಗೂ ಏನೂ ಹೇಳಲಿಲ್ಲ. ಆ ಊರಿನ ಕಡೆ ಹೋಗಲಿಲ್ಲ. ಮೇಷ್ಟ್ರು ಏನಾದರೂ ಅಂದಾರು ಎಂದು ಮೂರು ವಾರ ತಪ್ಪಿಸಿಕೊಂಡೆ. ನಾಲ್ಕನೆಯ ವಾರ ಹೋದರೆ, ಅವರು ಎಂದಿನಂತೆ ಅರ್ಧ ಲೋಟ ಕಾಫಿ ಕುಡಿಯುತ್ತಾ ಹೊಂಗೆ ಮರ ಹೇಗಿದೆಯಮ್ಮ ಎಂದು ಕೇಳಿದರು, ಅಷ್ಟೆ. ಸುದ್ದಿ ಅವರ ಕಿವಿಗೆ ಬಿದ್ದಿಲ್ಲ ಎಂದುಕೊಂಡು ನಿರಾಳವಾದೆ.

ಒಂದು ಮಾತ್ರ ಗಮನಿಸಿದೆ. ಮುಂದಿನ ಮಾಗಿಯ ಲೊಕೇಷನ್ ಪಟ್ಟಿಯಲ್ಲಿ ಆ ಊರು ಇರಲಿಲ್ಲ. ಮಾಗಿಯ ಬೆಳಕಿಗೆ ಅದಕ್ಕಿಂತ ಒಳ್ಳೆಯ ಜಾಗ ಮೂರು ತಾಲ್ಲೂಕಿನಲ್ಲಿಲ್ಲ ಎಂದು ಪ್ರತಿ ವರ್ಷ ಹೇಳುತ್ತಿದ್ದವರು ಅವರೇ. ಯಾಕೆ ಸಾರ್ ಎಂದು ಯಾರೋ ಕೇಳಿದ್ದಕ್ಕೆ, ವಯಸ್ಸಾಯ್ತು, ಅಷ್ಟು ದೂರ ಆಗಲ್ಲ ಎಂದರು. ಕುಣಿಗಲ್ಲಿನವರೆಗೆ ಬಸ್ಸಿನಲ್ಲಿ ನಿಂತುಕೊಂಡು ಬರುವವರಿಗೆ ಚೇಳೂರು ದೂರವಾಯಿತೇ ಎಂದು ನಾನು ಹಿಂದಿನಿಂದ ನಗೆಯಾಡಿದೆ. ಮೇಷ್ಟ್ರ ಪಟ್ಟಿ ಸಣ್ಣದಾಗುತ್ತಿದೆ, ಮಟ್ಟೆ ಮುಗಿದಿರಬೇಕು ಎಂದೂ ಸೇರಿಸಿದೆ. ಎಲ್ಲರೂ ನಕ್ಕರು.

ಅದಾದ ಮೇಲಿನ ಶ್ರಾವಣದಲ್ಲಿ ಅವರಿಗೆ ಎದೆನೋವು ಬಂತು. ತುಮಕೂರಿನಲ್ಲಿ ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ನಾನು ನೋಡಲು ಹೋಗುವಷ್ಟರಲ್ಲಿ ಗುಬ್ಬಿಗೆ ಸಾಗಿಸಿ ಆಗಿತ್ತು.

ಕಾರ್ತಿಕದಲ್ಲಿ ಗುಂಪಿನವರು ಅವರ ನೆನಪಿಗೆ ಒಂದು ಪ್ರದರ್ಶನ ಮಾಡೋಣ ಎಂದರು. ಮೇಷ್ಟ್ರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟು ಎಲ್ಲ ಹೋಗಿತ್ತು. ಉಳಿದಿದ್ದದ್ದು ಅವರು ಊರೂರಿನ ಮನೆಗಳಿಗೆ ಕೊಟ್ಟ ಪ್ರಿಂಟುಗಳು ಮಾತ್ರ. ಅವನ್ನು ಕೇಳಿ ತಂದು, ಸ್ಕ್ಯಾನ್ ಮಾಡಿಸಿ, ವಾಪಸ್ಸು ಮುಟ್ಟಿಸಬೇಕು. ಚೇಳೂರು ಕಡೆಯದು ನನ್ನ ಪಾಲಿಗೆ ಬಂತು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಒಪ್ಪಿಕೊಂಡೆ. ಎಂಟು ಹತ್ತು ಮನೆ ತಿರುಗಿದೆ. ಎಲ್ಲೆಡೆ ಗೋಡೆಯಿಂದ ಇಳಿಸಿ, ಸೆರಗಿನಲ್ಲಿ ಒರೆಸಿ, ಜೋಪಾನ ಕಣವ್ವ ಎಂದು ಹೇಳಿ ಕೊಟ್ಟರು. ನಾನು ನೋಡಿ ನಕ್ಕಿದ್ದ ಫೋಟೋಗಳೇ. ಕೊನೆಗೆ ಆ ಮನೆ ಉಳಿಯಿತು.

ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದರು, ಆದರೆ ಬಾ ಎನ್ನಲಿಲ್ಲ. ಮೇಷ್ಟ್ರು ತೀರಿಕೊಂಡದ್ದನ್ನು ಹೇಳಿದೆ. ಕೈ ಒಂದು ಗಳಿಗೆ ನಿಂತಿತು. ಅವರು ಕೊಟ್ಟ ಫೋಟೋ ಇದೆಯೇ ಎಂದು ಕೇಳಿದೆ.

"ಇತ್ತು. ಇಳ್ಸಿ ಅಟ್ಟದ ಮ್ಯಾಲ್ ಎಸ್ದಿದೀವಿ," ಎಂದರು. ಉಳಿದದ್ದನ್ನು ತಾವಾಗಿಯೇ ಹೇಳಿದರು. ಆ ನೈಟಿಯ ಫೋಟೋ ಮಗಳ ಕಾಲೇಜಿನವರ ಮೊಬೈಲಿಗೆಲ್ಲ ಬಂದಿತ್ತಂತೆ. ಮಗಳು ಎಂಟು ದಿನ ಕಾಲೇಜಿಗೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದ್ದಳಂತೆ. ತಾವು ಆಮೇಲೆ ರೋಡಿನ ಮೇಲೆ ರಾಗಿ ಹಾಕುವುದನ್ನೇ ಬಿಟ್ಟರಂತೆ. ಗಂಡ ನನ್ನನ್ನು ಹುಡುಕಿಕೊಂಡು ತುಮಕೂರಿಗೆ ಹೊರಟಿದ್ದ ದಿನವೇ ಮೇಷ್ಟ್ರು ಬಂದರಂತೆ.

"ಅವ್ರೇ ಬಂದು, ಫೋಟೋ ತೆಗ್ದ ಹುಡ್ಗೀದೇನೂ ತಪ್ಪಿಲ್ಲ, ಹಂಗ್ ತೆಗಿ ಅಂತ ನಾನೇ ಹೇಳ್ಕೊಟ್ಟೆ, ನಾನೇ ಎಲ್ಲಾರ್ಗೂ ಕಳ್ಸಿದ್ದು ಅಂದ್ರು ಕಣವ್ವ. ಕೈ ಮುಗುದ್ರು. ನಮ್ಮನೆಯವ್ರು, ವಯಸ್ಸಾಗೈತೆ ಅಂತ ಬುಟ್ಟಿದೀನಿ, ಇನ್ ಈ ಊರ್ ಕಡೆ ತಲೆ ಹಾಕ್ಬ್ಯಾಡಿ ಅಂದ್ರು."

ನಾನು ನಿಂತೇ ಇದ್ದೆ. ಅಲ್ಲಿಂದ ಸುಮ್ಮನೆ ಹೊರಟು ಬಂದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಿಜ ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬರು ಇರಲಿಲ್ಲ. ಹಸಿ ಮಟ್ಟೆಯ ಮಂಜಿಗೆ ನಗುತ್ತಿದ್ದವಳು ನಾನು. ಆ ಮನುಷ್ಯ ಹೇಳಿದ ಇನ್ನೊಂದು ಸುಳ್ಳಿನ ಮರೆಯಲ್ಲಿ ಒಂದೂವರೆ ವರ್ಷ ಹಾಯಾಗಿ ಓಡಾಡಿಕೊಂಡಿದ್ದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

"ಅವರು ಹೇಳಿಕೊಟ್ಟಿದ್ದಲ್ಲ," ಎಂದೆ. "ನಿಮಗೆ ತೋರಿಸದೆ ಹಾಕಬೇಡ ಅಂದಿದ್ರು. ಅವರಿಗೆ ಬೈದು ನಾನೇ ಹಾಕಿದ್ದು. ನೀವೂ ಬೇಡ ಅಂದಿದ್ರಿ."

ಆಕೆ ಬೈಯಬಹುದು, ಆಚೆ ಹೋಗು ಎನ್ನಬಹುದು ಎಂದು ಕಾದೆ. ಅವರು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ರೋಡಿನ ಕಡೆ ನೋಡಿದರು.

"ಇದ್ನ ಅವ್ರು ಇದ್ದಾಗ ಹೇಳ್ಬೇಕಾಗಿತ್ತು ನೀನು," ಎಂದರು. "ಅವತ್ತು ಉರಿ ಬಿಸ್ಲಲ್ಲಿ ಬಂದಿದ್ರು. ಬಾಗ್ಲಲ್ಲೇ ನಿಲ್ಸಿ ಕಳ್ಸಿದ್ವಿ. ಒಂದ್ ಲೋಟ ನೀರು ಬೇಕಾ ಅಂತ್ಲೂ ಕೇಳ್ಲಿಲ್ಲ ನಾನು."

ಆಮೇಲೆ ಎದ್ದು ಒಳಗೆ ಹೋದರು. ಅಟ್ಟ ಹತ್ತಲು ಹೋಗಿರಬೇಕು ಎಂದುಕೊಂಡೆ. ಬರುವಾಗ ಕೈಯಲ್ಲಿ ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ಇತ್ತು. ಮನೆಗೆ ಬಂದವರಿಗೆ ಕೊಡುವ ಹಾಗೆ ಅದನ್ನು ನನ್ನ ಮುಂದೆ ಇಟ್ಟು, ಮುಖ ನೋಡದೆ ಮತ್ತೆ ಅವರೆಕಾಯಿ ಸುಲಿಯಲು ಕೂತರು. ಬೇಡ ಎನ್ನುವ ಹಾಗಿರಲಿಲ್ಲ. ಕೂತು ಕುಡಿದೆ.